ಅಮೆರಿಕಾದ ಅಧ್ಯಕ್ಷನೂ ಮದುವೆಮನೆಯ ಹಿರಿಯನೂ

ನಾನು ರಾಜ್ಯಶಾಸ್ತ್ರ ಪಾಠ ಹೇಳುತ್ತಿದ್ದ ಕಾಲದಲ್ಲಿ ಒಂದು ಪ್ರಶ್ನೆ ಬಳ್ಳಾರಿಯ ಬಿಸಿಲಿನಷ್ಟೇ ತಪ್ಪದೆ ಪರೀಕ್ಷೆಗೆ ಬರುತ್ತಿತ್ತು: 'ಅಮೆರಿಕಾದ ಅಧ್ಯಕ್ಷನ ಅಧಿಕಾರಗಳನ್ನೂ ಮಿತಿಗಳನ್ನೂ ವಿವರಿಸಿ.' ಹುಡುಗರು ಅಧಿಕಾರಗಳನ್ನು ಪುಟಗಟ್ಟಲೆ ಬರೆಯುತ್ತಿದ್ದರು. ಸೇನೆಯ ಮಹಾದಂಡನಾಯಕ, ಮಸೂದೆ ತಿರಸ್ಕರಿಸುವವನು, ನ್ಯಾಯಾಧೀಶರನ್ನು ನೇಮಿಸುವವನು, ಕ್ಷಮಾದಾನ ಮಾಡುವವನು. ಹೀಗೆ ಬಿರುದು ಬಾವಲಿಗಳೆಲ್ಲ ಮುಗಿಯುವ ಹೊತ್ತಿಗೆ ಗಂಟೆ ಬಾರಿಸುತ್ತಿತ್ತು. ಕೊನೆಯಲ್ಲಿ ಗಡಿಬಿಡಿಯ ಅಕ್ಷರದಲ್ಲಿ ಒಂದೇ ಸಾಲು: 'ಆದರೆ ಇವನಿಗೂ ಮಿತಿಗಳಿವೆ.' ಯಾವ ಮಿತಿ ಎಂದು ಯಾರೂ ಬರೆಯುತ್ತಿರಲಿಲ್ಲ. ಪಾಪ, ಹುಡುಗರನ್ನು ಏಕೆ ಬಯ್ಯಲಿ? ನಾನೇ ತರಗತಿಯಲ್ಲಿ ಆ ಭಾಗಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸಿರುತ್ತಿತ್ತು.

ಈಗಲೂ ಜಗತ್ತಿನ ತಿಳಿವಳಿಕೆ ಅಷ್ಟಕ್ಕೇ ನಿಂತಿದೆ ಎಂದು ಕಾಣುತ್ತದೆ. ಟೀವಿಯಲ್ಲಿ ಅಮೆರಿಕಾದ ಅಧ್ಯಕ್ಷ ದಪ್ಪ ಪೆನ್ನಿನಿಂದ ಸಹಿ ಹಾಕಿ, ಹೊಸ ಸೀರೆಯ ಸೆರಗು ತೋರಿಸುವವರಂತೆ ಆ ಹಾಳೆಯನ್ನು ಎಲ್ಲರಿಗೂ ತೋರಿಸುತ್ತಾನೆ. ಅವನು ಸುಂಕ ಎಂದರೆ ಇಲ್ಲಿ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವವರ ಎದೆ ಡವಗುಟ್ಟುತ್ತದೆ. 'ಸರ, ಅಂವ ಒಬ್ಬನ ಸಹಿ ಹಾಕಿದ್ರ ಮುಗೀತೇನ್ರಿ?' ಎಂದು ಅಲ್ಲಿಯ ಹಳೆಯ ಶಿಷ್ಯರು ಕೇಳುತ್ತಾರೆ. ಸುಂಕ ಹಾಕುವ ಹಕ್ಕು ಮೂಲದಲ್ಲಿ ಅಲ್ಲಿಯ ಸಂಸತ್ತಾದ ಕಾಂಗ್ರೆಸ್ಸಿನದು, ಅದು ಕಾಲಕಾಲಕ್ಕೆ ಅಧ್ಯಕ್ಷನಿಗೆ ಕೈಬದಲು ಕೊಟ್ಟಿದೆ, ಎಷ್ಟು ಕೊಟ್ಟಿದೆ ಎಂಬುದಕ್ಕೆ ಕೋರ್ಟಿನಲ್ಲಿ ಜಗಳ ಎಂದು ನಾನು ವಿವರಿಸುವಷ್ಟರಲ್ಲಿ ಅವರ ಚಹಾ ಮುಗಿದಿರುತ್ತದೆ. ಮಿತಿಗಳ ಹಣೆಬರಹವೇ ಹಾಗೆ. ಅವನ್ನು ಕೇಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ.

ನನಗೂ ಆ ಮಿತಿಗಳು ಪುಸ್ತಕದಿಂದ ಅರ್ಥವಾಗಲಿಲ್ಲ. ಅರ್ಥವಾದದ್ದು ನನ್ನ ತಮ್ಮನ ಮಗಳ ಮದುವೆಯಲ್ಲಿ.

ಮುಂದೆ ಹೋಗುವ ಮೊದಲು ನನ್ನ ಎರಡು ಗುಣಗಳನ್ನು ಹೇಳಿಬಿಡಬೇಕು. ಒಂದು, ನಾನು ಕುಂತಲ್ಲಿ ಕೂರುವವನಲ್ಲ. ಮಾತಾಡುತ್ತ ನಡೆಯುತ್ತೇನೆ, ನಡೆಯುತ್ತ ಮರೆಯುತ್ತೇನೆ. ಇನ್ನೊಂದು, ಯಾವುದನ್ನೂ ಪುರಾವೆಯಿಲ್ಲದೆ ನಂಬಬಾರದೆಂದು ಧಾರವಾಡದಲ್ಲಿ ಎಂ.ಎ. ಓದುವಾಗ ಕಲಿತೆ. ದೇವರು, ಜಾತಕ, ಸರಕಾರದ ಪ್ರಕಟಣೆ ಎಲ್ಲವನ್ನೂ ಅನುಮಾನಿಸಿ ಆದಮೇಲೆ ಈಗ ಉಳಿದಿರುವುದು ನನ್ನ ನೆನಪೊಂದೇ. ಅದನ್ನೂ ಬಿಟ್ಟಿಲ್ಲ. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಬ್ರೂಸ್‌ಪೇಟೆಯ ತಿರುವಿನಿಂದ ಹಿಂದಕ್ಕೆ ಬಂದು ನೋಡುತ್ತೇನೆ. ಇದಕ್ಕೆ ನನ್ನ ಹೆಂಡತಿ ಗಿರಿಜಾ ನಗುವಾಗಲೆಲ್ಲ ಒಂದು ದೊಡ್ಡ ಉದಾಹರಣೆ ಕೊಡುತ್ತೇನೆ. ಅಮೆರಿಕಾದ ಅಧ್ಯಕ್ಷನೊಬ್ಬ ಪ್ರಮಾಣವಚನ ತೆಗೆದುಕೊಳ್ಳುವಾಗ ಒಂದು ಪದ ಹಿಂದುಮುಂದಾಯಿತು. ಇಡೀ ಲೋಕ ನೋಡಿತ್ತು, ಚಪ್ಪಾಳೆಯೂ ಆಗಿತ್ತು. ಆದರೂ ಯಾವುದಕ್ಕೂ ಇರಲಿ ಎಂದು ಮರುದಿನ ಮತ್ತೊಮ್ಮೆ ಪ್ರಮಾಣ ಮಾಡಿದ. ಅಷ್ಟು ದೊಡ್ಡವನೇ ಎರಡು ಸಲ ಮಾಡಿದ ಮೇಲೆ ನಾನು ಬೀಗವನ್ನು ಎರಡು ಸಲ ಜಗ್ಗಿ ನೋಡಿದರೆ ತಪ್ಪೇನು?

ಇರಲಿ, ಮದುವೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆತನದಲ್ಲಿ ಹೆಣ್ಣಿನ ತಂದೆ ಮದುವೆಯ ಮಾತುಕತೆಯಲ್ಲಿ ಬಾಯಿ ಬಿಡುವಂತಿಲ್ಲ. ಅವನ ಪರವಾಗಿ ಒಬ್ಬ ಹಿರಿಯ ಮಾತಾಡಬೇಕು. ಎಲೆ ಅಡಿಕೆ ಹಿಡಿಯುವವನು ಅವನು, 'ಆಗಲಿ' ಎನ್ನುವವನು ಅವನು, ಲಗ್ನಪತ್ರಿಕೆಯ ತಲೆಯ ಮೇಲೆ ಕೂರುವ ಹೆಸರೂ ಅವನದೇ. ಹಿಂದೆಲ್ಲ ಈ ಹಿರೇತನ ನಮ್ಮ ದೊಡ್ಡಪ್ಪನ ಮಗನದಾಗಿತ್ತು. ಈಚೆಗೆ ಅವನಿಗೆ ಕಿವಿ ಮಂದವಾಗಿ, ಎದುರಿನವರು ಏನು ಕೇಳಿದರೂ 'ಆಗಲಿ' ಎನ್ನತೊಡಗಿದ್ದರಿಂದ ಆ ಪಟ್ಟ ನನಗೆ ಬಂತು. ತಮ್ಮ ಶರಣಪ್ಪನ ಮಗಳು ಅಕ್ಷತಾ ಬಳ್ಳಾರಿಯಲ್ಲೇ ಸಾಲೆಯ ಟೀಚರು. ಗಂಡಿನವರು ಕುರುಗೋಡಿನವರು. ಎರಡು ಮನೆಗಳಿಗೂ ಕುರುಗೋಡಿನ ಬಸವೇಶ್ವರನೇ ಮನೆದೇವರಾದ್ದರಿಂದ ಮದುವೆ ಅಲ್ಲಿಯೇ, ಅಡುಗೆಯ ಉಸ್ತುವಾರಿ ನಮ್ಮದು ಎಂದು ಮಾತಾಯಿತು. ನಾನು ಗಂಭೀರವಾಗಿ 'ಆಗಲಿ' ಎಂದೆ. ಎಲ್ಲರೂ ನನ್ನ ಮುಖ ನೋಡಿದರು. ಇಷ್ಟು ವರ್ಷ ಅನ್ಯರ ಅಧಿಕಾರದ ಬಗ್ಗೆ ಪಾಠ ಹೇಳಿದವನಿಗೆ ಸ್ವಂತ ಅಧಿಕಾರದ ರುಚಿ ಅಂದು ಹತ್ತಿತು.

ಆ ರುಚಿ ಮನೆಗೆ ಬರುವವರೆಗೆ ಮಾತ್ರ ಉಳಿಯಿತು. ನಾನೂ ತಮ್ಮನೂ ಒಂದೇ ಮನೆಯಲ್ಲಿದ್ದೇವೆ, ಅಡುಗೆಮನೆಯೂ ಒಂದೇ. ಅದರಲ್ಲಿ ನನ್ನ ಹೆಂಡತಿ ಗಿರಿಜಾ ಮತ್ತು ಶರಣಪ್ಪನ ಹೆಂಡತಿ ನಾಗರತ್ನ, ಅಮೆರಿಕಾದ ಕಾಂಗ್ರೆಸ್ಸಿನ ಹಾಗೆ ಎರಡು ಸದನ. ಮದುವೆಯೂಟದ ಅಡುಗೆಗಳನ್ನು ಅವರಿಬ್ಬರೂ ನಿರ್ಧರಿಸಿ ನನ್ನ ಅಂಗೀಕಾರಕ್ಕೆ ಕಳಿಸಿದರು. ಹೋಳಿಗೆ, ಕೋಸಂಬರಿ, ಎಣ್ಣೆಗಾಯಿ ಇತ್ಯಾದಿ ಸಭ್ಯ ಪದಾರ್ಥಗಳ ನಡುವೆ ಗೋಬಿ ಮಂಚೂರಿ ಕುಳಿತಿತ್ತು. ನಾನು ಅದೊಂದನ್ನು ಹೊಡೆದುಹಾಕಿದೆ.

'ಬಾವಾರ, ಹಂಗ ಒಂದ ತೆಗೆಯಾಕ ಬರಂಗಿಲ್ರಿ,' ಎಂದಳು ನಾಗರತ್ನ. 'ಅಡಿಗಿಯಾಂವ ಎಲ್ಲಾ ಕೂಡಿಸಿ ಒಪ್ಯಾನ. ಒಪ್ಪಿದ್ರ ಎಲ್ಲಾ ಒಪ್ರಿ, ಇಲ್ಲಾಂದ್ರ ಎಲ್ಲಾ ಬಿಡ್ರಿ.'

'ಬಿಟ್ಟು, ನೀವ ಮಾಡ್ರಿ ಅಡಿಗಿ,' ಎಂದು ಗಿರಿಜಾ ಸೇರಿಸಿದಳು.

ನನಗೆ ರೋಮಾಂಚನವಾಯಿತು. ಅಮೆರಿಕಾದಲ್ಲಿಯೂ ಇದೇ ನಿಯಮ! ಮಸೂದೆಯಲ್ಲಿ ಬೇಡವಾದ ಒಂದು ಬಾಬತ್ತನ್ನು ಮಾತ್ರ ಕಿತ್ತುಹಾಕುವ ಅಧಿಕಾರ ಅಧ್ಯಕ್ಷನಿಗಿಲ್ಲ. ನುಂಗಿದರೆ ಇಡಿಯಾಗಿ ನುಂಗಬೇಕು, ಉಗುಳಿದರೆ ಇಡಿಯಾಗಿ ಉಗುಳಬೇಕು. ಒಮ್ಮೆ ಆ ಸವಲತ್ತು ಕೊಟ್ಟು ನೋಡಿದರು, ಅಲ್ಲಿಯ ಸುಪ್ರೀಂ ಕೋರ್ಟು ತೆಗೆದುಹಾಕಿತು. ಇದನ್ನು ಉತ್ಸಾಹದಿಂದ ವಿವರಿಸಿದೆ. 'ನೋಡ್ರಿ, ಕೋರ್ಟೂ ನಮ್ಮ ಕಡೀಗೆ ಐತಿ,' ಎಂದು ಅವರು ಗೋಬಿಯನ್ನು ಉಳಿಸಿಕೊಂಡರು.

ಆಮೇಲೆ ಡ್ರೋನು ಹಾರಿಸಿ ಬಳ್ಳಾರಿ ಕೋಟೆಯ ಮೇಲೆ ಫೋಟೋ ತೆಗೆಸುವ ಠರಾವು ಬಂತು. ಆ ಬಿಸಿಲಿನಲ್ಲಿ ಕೋಟೆ ಹತ್ತಿದರೆ ಮದುಮಕ್ಕಳು ಜೋಳದ ರೊಟ್ಟಿಯ ಹಾಗೆ ಉಬ್ಬುತ್ತಾರೆಂದು ನಾನು ವೀಟೋ ಹಾಕಿದೆ. ವೀಟೋ ಮೀರಬೇಕಾದರೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ನಮ್ಮಲ್ಲಿ ಒಂದೊಂದು ಸದನಕ್ಕೆ ಒಬ್ಬೊಬ್ಬಳೇ ಸದಸ್ಯೆಯಾದ್ದರಿಂದ ಎಲ್ಲವೂ ಸರ್ವಾನುಮತ, ನನ್ನ ವೀಟೋ ಬಿದ್ದುಹೋಯಿತು. ಮಸೂದೆಯನ್ನು ಸಹಿ ಮಾಡದೆ ಜೇಬಿನಲ್ಲಿಟ್ಟುಕೊಂಡು ಸುಮ್ಮನಿದ್ದುಬಿಡುವ ಉಪಾಯವೊಂದು ಅಧ್ಯಕ್ಷನಿಗಿದೆ. ಆದರೆ ಅದು ಫಲಿಸುವುದು ಕಾಂಗ್ರೆಸ್ಸು ಬಾಗಿಲು ಮುಚ್ಚಿಕೊಂಡು ಊರಿಗೆ ಹೋದಾಗ. ನಮ್ಮ ಅಡುಗೆಮನೆ ಬಾಗಿಲು ಮುಚ್ಚಿದ್ದನ್ನು ನಾನು ಕಂಡಿಲ್ಲ. ಕಂಡಿದ್ದರೂ ನೆನಪಿಲ್ಲ.

ಹೀಗೆ ಹೆಸರಿಗೊಬ್ಬ ಹಿರಿಯನಾಗಿ ಅಂಗಳದಲ್ಲಿ ಅಡ್ಡಾಡುತ್ತಿದ್ದಾಗ ಅಕ್ಷತಾ ಬಂದು ನನ್ನ ಜೊತೆ ಹೆಜ್ಜೆ ಹಾಕತೊಡಗಿದಳು. ನಾನು ನಿಲ್ಲುವುದಿಲ್ಲವೆಂದು ಅವಳಿಗೆ ಗೊತ್ತು.

'ದೊಡ್ಡಪ್ಪ, ಮಾಮಾನ್ನ ಕರೀಬೇಕು.'

'ಯಾವ ಮಾಮಾ?'

'ನನಗಿರೋದು ಒಬ್ಬನ ಅಲ್ಲೇನು? ಮಾಮಾ ಬಂದು ಕೈ ಹಿಡದು ಮಂಟಪಕ್ಕ ಕರಕೊಂಡು ಹೋಗಬೇಕು. ಬ್ಯಾರೆ ಯಾರ್ದರ ಕೈ ಹಿಡಿಸಿದ್ರ ನಾ ಬಾಗಲದಾಗ ನಿಂತುಬಿಡ್ತೀನಿ. ನೀ ಹಿರಿಯಾ ಅದಿಯಲ್ಲ, ಮಾಡು.'

ನಾನು ನಿಂತುಬಿಟ್ಟೆ. ಆ ಮಾಮಾ ಎಂದರೆ ನಾಗರತ್ನಳ ತಮ್ಮ ವೀರಭದ್ರ. ಸಿರುಗುಪ್ಪದಲ್ಲಿ ಸಣ್ಣದೊಂದು ಅಕ್ಕಿ ಗಿರಣಿ ಇಟ್ಟಿದ್ದಾನೆ. ಅಕ್ಷತಾ ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗಿ, ಗಿರಣಿಯ ಅಂಗಳದಲ್ಲಿ ಒಣಹಾಕಿದ ಭತ್ತದ ರಾಶಿಗಳನ್ನು ಸುತ್ತುಹಾಕುತ್ತ ಸೈಕಲ್ ಕಲಿತವಳು. ಹಿಂದೆ ಸೀಟು ಹಿಡಿದು ಓಡುತ್ತಿದ್ದವನು ವೀರಭದ್ರ. ಆದರೆ ನಮ್ಮ ಹೊಸ ಮನೆಯ ಗೃಹಪ್ರವೇಶದ ದಿನದಿಂದ ಅವನು ನಮ್ಮ ಹೊಸ್ತಿಲು ತುಳಿದಿಲ್ಲ. ನಾಗರತ್ನ ಒಬ್ಬಳೇ ತವರಿಗೆ ಹೋಗಿ ಒಬ್ಬಳೇ ಬರುತ್ತಾಳೆ.

ಜಗಳ ಯಾವುದರ ಮೇಲೆ ಎಂದು ಹೊರಗಿನವರು ಕೇಳಿದರೆ ನಗಬಹುದು. ಊಟದ ಮೇಲೆ. ನಮ್ಮ ಕಡೆ ಬೀಗನಾದವನು ಎಷ್ಟೇ ಹಸಿದರೂ ತಾನಾಗಿ ಹೋಗಿ ಎಲೆಯ ಮುಂದೆ ಕೂರುವುದಿಲ್ಲ. ಮನೆಯವರು ಬಂದು 'ಏಳ್ರಿ, ಎಲಿ ಹಾಕ್ಯಾರ' ಎಂದು ಕರೆಯಬೇಕು. ಕರೆದವರು ಅವನು ಏಳುವವರೆಗೆ ಎದುರಿಗೇ ನಿಂತಿರಬೇಕು. ಗೃಹಪ್ರವೇಶದ ದಿನ ವೀರಭದ್ರ ನಸುಕಿನಿಂದ ದುಡಿದು, ಮಧ್ಯಾಹ್ನ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದ. ಪಂಕ್ತಿಗಳು ಎದ್ದವು, ಬಿದ್ದವು. ಕೊನೆಯ ಪಂಕ್ತಿ ಏಳುವ ಹೊತ್ತಿಗೆ ಕಟ್ಟೆ ಖಾಲಿ. ಅವನು ಉಣ್ಣದೆ ಸಿರುಗುಪ್ಪದ ಬಸ್ಸು ಹತ್ತಿದ್ದ. 'ಉಣ್ಣದ ಹೋಗಿ ಹೊಸ ಮನಿಗೆ ಅವಮಾನ ಮಾಡಿದಾ' ಎಂಬುದು ಶರಣಪ್ಪನ ದೂರು. 'ಯಾರೂ ಕರೀಲಿಲ್ಲ' ಎಂಬುದು ಅವನ ದೂರು.

ಈ ಮೊಕದ್ದಮೆಯ ಮುಖ್ಯ ಸಾಕ್ಷಿ ನಾನು. ಅಂದು ಬೀಗರನ್ನು ಊಟಕ್ಕೆ ಎಬ್ಬಿಸುವ ಕೆಲಸ ನನ್ನದಾಗಿತ್ತು. ಕರೆದೆ ಎಂದೇ ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಚಿತ್ರ ಕಣ್ಣಿಗೆ ಕಟ್ಟಿದಂತಿದೆ: ಬಾಗಿಲಲ್ಲಿ ನಿಂತಿದ್ದೇನೆ, ರೇಷ್ಮೆ ಪಂಚೆ ಉಟ್ಟಿದ್ದೇನೆ, 'ಏಳಪ್ಪ ವೀರಭದ್ರ' ಎನ್ನುತ್ತಿದ್ದೇನೆ. ಆದರೆ ಅಕ್ಷತಾ ಕೇಳಿದ ದಿನ ಆ ಚಿತ್ರವನ್ನು ಸ್ವಲ್ಪ ಸಂಶಯದಿಂದ ನೋಡಿದೆ. ಅದರಲ್ಲಿ ನನಗೆ ನನ್ನದೇ ಬೆನ್ನು ಕಾಣಿಸುತ್ತಿತ್ತು. ಸ್ವಂತ ಬೆನ್ನನ್ನು ಕಣ್ಣಾರೆ ಕಂಡೆನೆನ್ನುವವನ ಸಾಕ್ಷ್ಯವನ್ನು ಯಾವ ನ್ಯಾಯಾಲಯ ಒಪ್ಪೀತು?

ಶರಣಪ್ಪನನ್ನು ಕೇಳಿದೆ. 'ಅಣ್ಣ, ಬ್ಯಾರೆ ಏನರ ಹೇಳು, ಮಾಡ್ತೀನಿ. ಅವನ ಮನಿಗೆ ನಾ ಹೋಗಂಗಿಲ್ಲ,' ಎಂದ. ಹಿರಿಯನ ಆಜ್ಞೆ ಎಂದೆ. 'ಹಿರಿಯಾ ಅಂತ ಮಾಡಿದಾಂವ ನಾನ ಅಲ್ಲೇನು?' ಎಂದ. ಮತದಾರ ಹಾಗೆ ಕೇಳಿದರೆ ವಾಷಿಂಗ್ಟನ್ನಿನಲ್ಲೂ ಆಜ್ಞೆ ನಡೆಯುವುದಿಲ್ಲ.

ಆಗ ನನಗೆ ಕ್ಷಮಾದಾನದ ಅಧಿಕಾರ ನೆನಪಾಯಿತು. ಅಮೆರಿಕಾದ ಅಧ್ಯಕ್ಷ ಮಂತ್ರಿಯನ್ನು ನೇಮಿಸಬೇಕಾದರೆ ಸೆನೆಟ್ಟಿನ ಒಪ್ಪಿಗೆ ಬೇಕು, ಕಾಸು ಬಿಚ್ಚಬೇಕಾದರೆ ಕಾಂಗ್ರೆಸ್ಸು ಬೇಕು, ಯುದ್ಧ ಸಾರುವ ಹಕ್ಕೂ ಅದರದೇ. ಆದರೆ ಕ್ಷಮಿಸಲು ಯಾರನ್ನೂ ಕೇಳಬೇಕಾಗಿಲ್ಲ. ಸರಿ, ವೀರಭದ್ರನನ್ನು ಕ್ಷಮಿಸಿಬಿಡೋಣ ಎಂದುಕೊಂಡು ಬೆಳಿಗ್ಗೆ ಸಿರುಗುಪ್ಪದ ಬಸ್ಸು ಹತ್ತಿದೆ. ಕಾಲುವೆಯ ನೀರು ಕಂಡ ಕೂಡಲೇ ನೆಲ ಬಣ್ಣ ಬದಲಿಸಿತು. ಕರಿ ಹೊಲಗಳು ಹೋಗಿ ಹಸಿರು ಗದ್ದೆಗಳು ಬಂದವು. ಪಕ್ಕದ ಸೀಟಿನವರು ತೆಲುಗಿನಲ್ಲಿ ಅಕ್ಕಿಯ ರೇಟಿನ ಜಗಳ ಆಡುತ್ತಿದ್ದರು. ನಾನು ಒಳಗೊಳಗೇ ಕ್ಷಮಾಪತ್ರದ ವಾಕ್ಯಗಳನ್ನು ಜೋಡಿಸುತ್ತಿದ್ದೆ.

ವೀರಭದ್ರ ಗಿರಣಿಯಿಂದ ತವುಡು ಮೆತ್ತಿದ ಮೈಯಲ್ಲೇ ಬಂದು, ಪಡಸಾಲೆಯಲ್ಲಿ ಕೂರಿಸಿ ನೀರು ಕೊಟ್ಟ. ನಾನು ಗಂಟಲು ಸರಿಮಾಡಿಕೊಂಡು, 'ಆದದ್ದು ಆಗಿಹೋತಪ್ಪಾ. ಹಿರಿಯನಾಗಿ ಹೇಳ್ತೀನಿ, ಅಂದು ನೀ ಉಣ್ಣದ ಹೋದದ್ದನ್ನ ನಾವು ಮನಸಿನ್ಯಾಗ ಇಟಗೊಂಡಿಲ್ಲ. ಕ್ಷಮಿಸೀವಿ,' ಎಂದೆ.

ಅವನು ನನ್ನನ್ನೇ ನೋಡಿದ. 'ಮಾವಾ, ಬಿಸಲಾಗ ಅಷ್ಟ ದೂರದಿಂದ ಬಂದೀರಿ, ಅದಕ್ಕ ಸಿಟ್ಟಾಗಂಗಿಲ್ಲ. ನಾ ಏನು ತಪ್ಪು ಮಾಡೀನಂತ ಕ್ಷಮಿಸ್ತೀರಿ? ನಿಮ್ಮ ಕ್ಷಮಾ ತಗೊಂಡ್ರ ತಪ್ಪು ಮಾಡೀನಿ ಅಂದಂಗಾತಲ್ಲ. ಅದು ನನಗ ಬ್ಯಾಡ. ವಾಪಸ್ ಒಯ್ರಿ.' ಹೀಗೆಂದು ಎದ್ದು ಒಳಗೆ ಹೋದ.

ಎಂಥ ಮಾತು ನೋಡಿ! ಅಮೆರಿಕಾದ ನ್ಯಾಯಾಲಯಗಳು ಬಹಳ ಹಿಂದೆಯೇ ಇದೇ ತರ್ಕವನ್ನು ಎತ್ತಿದ್ದವು. ನನ್ನ ನೆನಪು ನಿಜವಾಗಿದ್ದರೆ, ಕ್ಷಮಾದಾನವೂ ಒಂದು ದಾನ, ಬೇಡವೆನ್ನುವ ಹಕ್ಕು ಪಡೆಯುವವನಿಗಿದೆ, ಪಡೆದರೆ ತಪ್ಪನ್ನು ಒಪ್ಪಿದಂತೆ ಎಂದು ಹೇಳಿದ್ದವು. ಪರೀಕ್ಷೆಯಲ್ಲಿ ಒಬ್ಬ ಹುಡುಗನೂ ಬರೆಯದ ಮಿತಿ ಇದು. ಯಾರೂ ತಡೆಯಲಾಗದ ಅಧಿಕಾರವನ್ನು ಎದುರಿಗಿದ್ದವನು 'ಬ್ಯಾಡ' ಎಂದು ಬರಿಗೈಯಲ್ಲಿ ತಡೆದುಬಿಟ್ಟ.

ಈಗ ಏನು ಮಾಡುವುದು? ಎದ್ದು ಹೋಗೋಣವೆಂದರೆ ಮಧ್ಯಾಹ್ನವಾಗಿತ್ತು. ಉಣ್ಣದೆ ಹೋದರೆ ನಾನೂ ಅದೇ ಅಪರಾಧ ಮಾಡಿದಂತಾಗುತ್ತಿತ್ತು. ಒಳಗೆ ಹೋಗೋಣವೆಂದರೆ ಕರೆದಿಲ್ಲ. ಬೀಗನಲ್ಲವೇ, ಕೂತೆ. ಒಳಗಿನಿಂದ ಎಣ್ಣೆಗಾಯಿಯ ವಾಸನೆ ಬಂತು. ಒಣಕೊಬ್ಬರಿ, ಶೇಂಗಾ, ಹುರಿದ ಎಳ್ಳು ಒಂದೊಂದೂ ಬೇರೆಬೇರೆಯಾಗಿ ಬಂದು ಮಾತಾಡಿಸಿ ಹೋದವು. ರೊಟ್ಟಿ ಬಡಿಯುವ ಸದ್ದು ಕೇಳಿಸಿತು, ನಿಂತಿತು. ತಾಟಿನ ಸದ್ದಾಯಿತು. ಯಾರೂ ಬರಲಿಲ್ಲ. ಕುಂತಲ್ಲಿ ಕೂರದ ನಾನು ಗೋಡೆಗೆ ಮೊಳೆ ಹೊಡೆದ ಹಾಗೆ ಕೂತಿದ್ದೆ. ಕರೆಯಿಲ್ಲದೆ ಕೂರುವುದೆಂದರೆ ಹೊಟ್ಟೆಗಿಂತ ಹೆಚ್ಚಾಗಿ ಕಿವಿ ಹಸಿಯುವುದು ಎಂದು ನನಗೆ ಆಗ ಗೊತ್ತಾಯಿತು. ಒಳಗೆ ಯಾರು ಹೆಜ್ಜೆಯಿಟ್ಟರೂ ನನ್ನ ಕಡೆಗೇ ಬಂದಂತೆ ಕೇಳಿಸುತ್ತಿತ್ತು.

ಕೊನೆಗೆ ವೀರಭದ್ರನೇ ಬಂದ. ಸ್ನಾನ ಮಾಡಿ ಬೇರೆ ಅಂಗಿ ಹಾಕಿದ್ದ. ತಡವಾದದ್ದು ಅದಕ್ಕೆ. ನನ್ನೆದುರು ನಿಂತು, 'ಏಳ್ರಿ ಮಾವಾ, ಎಲಿ ಹಾಕ್ಯಾರ,' ಎಂದ. ನಾನು ಏಳುವವರೆಗೆ ಕದಲಲಿಲ್ಲ.

ಎರಡು ರೊಟ್ಟಿ ಒಳಗೆ ಹೋದಮೇಲೆ ಧೈರ್ಯ ಬಂತು. 'ಖರೇ ಹೇಳಪಾ, ಅವತ್ತು ನಾ ನಿನ್ನ ಕರದಿದ್ದೆನೋ ಇಲ್ಲೋ?' ಎಂದು ಕೇಳಿದೆ.

ಅವನು ಅನ್ನಕ್ಕೆ ಸಾರು ಕಲೆಸುತ್ತ ಯೋಚಿಸಿದ. 'ಮದಲೆಲ್ಲಾ ಕರೀಲಿಲ್ಲ ಅಂತ ಆಣಿ ಮಾಡ್ತಿದ್ದೆ. ಈಗ ನನಗೂ ಸಂಶೇ. ಗದ್ದಲದಾಗ ಕರದ್ರೋ ಏನೋ, ನನಗ ಕೇಳಲಿಲ್ಲೋ ಏನೋ. ಅದೆಲ್ಲಾ ಮರತೈತಿ ಮಾವಾ. ಹಸಿವು ಒಂದ ನೆನಪೈತಿ.'

ಮದುವೆಗೆ ಬರುತ್ತೀಯಾ ಎಂದೆ. 'ಅಕ್ಷತಾ ಕೈ ಹಿಡಿಯೋದು ನನ್ನ ಹಕ್ಕು. ಆದ್ರ ಅವರಪ್ಪ ಕರೀಬೇಕು. ನಿಮ್ಮನ್ನ ಕಳಿಸಿದ್ರ ನಡಿಯಂಗಿಲ್ಲ,' ಎಂದ. ತಮ್ಮನಿಗೆ ಆಜ್ಞೆ ಮಾಡುವ ಅಧಿಕಾರ ನನಗಿಲ್ಲವೆಂದು ಅವನಿಗೆ ಹೇಗೆ ಹೇಳಲಿ?

ಬಸ್ಸಿನಲ್ಲಿ ಬರುವಾಗ ಅಧ್ಯಕ್ಷನ ಬತ್ತಳಿಕೆಯಲ್ಲಿ ಇನ್ನೇನಾದರೂ ಉಳಿದಿದೆಯೇ ಎಂದು ತಡಕಾಡಿದೆ. ಒಂದು ಉಳಿದಿತ್ತು. ನಾನು ಪಾಠದಲ್ಲಿ ಹಾರಿಸುತ್ತಿದ್ದದ್ದು ಅದು. ಒಕ್ಕೂಟದ ಸ್ಥಿತಿ ಹೇಗಿದೆ ಎಂದು ಅಧ್ಯಕ್ಷ ಕಾಲಕಾಲಕ್ಕೆ ಕಾಂಗ್ರೆಸ್ಸಿಗೆ ತಿಳಿಸಬೇಕಂತೆ. ಅದನ್ನು ಅಧಿಕಾರವೆನ್ನಲೂ ಬಾರದು, ಕರ್ತವ್ಯವಷ್ಟೇ. ಕಂಡದ್ದನ್ನು ಹೇಳುವುದು. ಹಿಂದೆ ಬರೆದು ಕಳಿಸುತ್ತಿದ್ದರು, ಈಗ ಖುದ್ದಾಗಿ ಹೋಗಿ ಹೇಳುತ್ತಾರೆ, ಸದಸ್ಯರು ಎದ್ದೆದ್ದು ಚಪ್ಪಾಳೆ ತಟ್ಟುತ್ತಾರೆ.

ನಾನು ಮನೆಗೆ ಬಂದವನೇ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಶರಣಪ್ಪ ಚಹಾ ಕುಡಿಯುತ್ತಿದ್ದ. ಎರಡೂ ಸದನಗಳು ಸೇರಿದ್ದವು, ಮಿಕ್ಸಿ ತಿರುಗುತ್ತಿತ್ತು. ಇಂಥದನ್ನು ಮಾಡಿರಿ ಎಂದು ಯಾರಿಗೂ ಹೇಳಲಿಲ್ಲ. ಕ್ಷಮೆಯನ್ನು ಅವನು ವಾಪಸ್ ಕಳಿಸಿದ್ದು, ನಾನು ಪಡಸಾಲೆಯಲ್ಲಿ ಕೂತದ್ದು, ಅವನು ಸ್ನಾನ ಮಾಡಿ ಬಂದು ಕರೆದದ್ದು ಎಲ್ಲ ಹೇಳಿದೆ. ಕೊನೆಗೆ, 'ಕರದ್ರೋ ಇಲ್ಲೋ ಮರತೈತಿ, ಹಸಿವು ಒಂದ ನೆನಪೈತಿ ಅಂದಾ,' ಎಂದೆ.

ಮಿಕ್ಸಿ ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾಗರತ್ನ ಗೋಡೆಯ ಕಡೆ ತಿರುಗಿದಳು. ಶರಣಪ್ಪ ಚಹಾದ ಕಪ್ಪನ್ನು ಅರ್ಧಕ್ಕೇ ಇಟ್ಟು ಹೊರಗೆ ಹೋದ. ನನ್ನ ಆಡಳಿತ ಇಲ್ಲಿಗೆ ಮುಗಿಯಿತೆಂದುಕೊಂಡೆ. ಮರುದಿನ ಬೆಳಿಗ್ಗೆ ನೋಡಿದರೆ ಅವನು ಬೈಕಿನ ಸೀಟು ಒರೆಸುತ್ತಿದ್ದ. ನಾಗರತ್ನ ಕುಂಕುಮದ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು.

'ಎಲ್ಲಿಗೆ?' ಎಂದೆ.

'ಸಿರುಗುಪ್ಪಕ್ಕ ಹೋಗಾಕತ್ತೀವಿ,' ಎಂದ ಶರಣಪ್ಪ, ನನ್ನ ಮುಖ ನೋಡದೆ. 'ನೀ ಹೇಳಿದಿ ಅಂತಲ್ಲ ಮತ್ತ. ನಾವ ಹೊಂಟೀವಿ.'

'ಆಗಲಿ,' ಎಂದೆ. ಅಷ್ಟು ಸೊಗಸಾದ 'ಆಗಲಿ'ಯನ್ನು ನಾನು ಮಾತುಕತೆಯ ದಿನವೂ ಹೇಳಿರಲಿಲ್ಲ.

ಕುರುಗೋಡಿನಲ್ಲಿ ಮದುವೆಯ ದಿನ ವೀರಭದ್ರ ಹೊಸ ಬಿಳಿ ಅಂಗಿಯಲ್ಲಿ ಅಕ್ಷತಾಳ ಕೈ ಹಿಡಿದು ತಂದ. ಸೈಕಲ್ ಸೀಟು ಹಿಡಿದ ಅಭ್ಯಾಸವೋ ಏನೋ, ಅವಳಿಗಿಂತ ಅರ್ಧ ಹೆಜ್ಜೆ ಹಿಂದೆಯೇ ಇದ್ದ. ಅವಳು ಮಂಟಪ ಹತ್ತಿದರೂ ಕೈ ಬಿಡಲಿಲ್ಲ. 'ಮಾಮಾ, ಬಿಡು, ಬೀಳಂಗಿಲ್ಲ,' ಎಂದು ಅವಳೇ ಹೇಳಬೇಕಾಯಿತು.

ಅಕ್ಷತೆ ಬಿದ್ದಮೇಲೆ ಊಟದ ಹೊತ್ತು. ವೀರಭದ್ರ ಹೊರಗೆ ಬೇವಿನ ಮರದ ಕೆಳಗೆ ಕುರ್ಚಿಯಲ್ಲಿ ಕುಳಿತಿದ್ದ. ನಾನು ನಡೆಯುತ್ತಿದ್ದವನು ನಿಂತೆ. ಅವನೆದುರು ಸರಿಯಾಗಿ, ಸಭೆಯೇ ಸಾಕ್ಷಿಯಾಗಿ ನಿಂತು, 'ಏಳಪ್ಪ ವೀರಭದ್ರ, ಎಲಿ ಹಾಕ್ಯಾರ,' ಎಂದೆ. ಅವನು ಏಳುವವರೆಗೆ ಕದಲಲಿಲ್ಲ. ಅವನು ಎದ್ದು ಒಳಗೆ ಹೋದ. ಆಮೇಲೆ ಬೇರೆ ಬೀಗರು, ಪುರೋಹಿತರ ದಕ್ಷಿಣೆ, ಕಳೆದುಹೋದ ಯಾರದೋ ಚಪ್ಪಲಿ ಎಂದು ಓಡಾಡುತ್ತಿದ್ದವನಿಗೆ ಛತ್ರದ ಇನ್ನೊಂದು ತುದಿಯಲ್ಲಿ ಹಳೆಯ ಅನುಮಾನ ಹಿಡಿಯಿತು. ವೀರಭದ್ರನನ್ನು ಕರೆದೆನೋ? ಕರೆದಂತೆ ಚಿತ್ರವೇನೋ ಇದೆ. ಚಿತ್ರ ಆಗಲೂ ಇತ್ತಲ್ಲ! ಬೇವಿನ ಮರದ ಕೆಳಗಿನ ಕುರ್ಚಿ ಖಾಲಿಯಾಗಿತ್ತು. ಓಡಿದೆ.

ಪಂಕ್ತಿಯ ನಡುವೆ ಅವನು ಶರಣಪ್ಪನ ಪಕ್ಕದಲ್ಲಿ ಹೋಳಿಗೆ ಮುರಿಯುತ್ತಿದ್ದ. ಎದುರಿಗೆ ಹೋಗಿ ಏದುಸಿರಿನಲ್ಲಿ, 'ಏಳಪ್ಪ ವೀರಭದ್ರ, ಎಲಿ ಹಾಕ್ಯಾರ!' ಎಂದುಬಿಟ್ಟೆ.

ಇಡೀ ಪಂಕ್ತಿ ನಕ್ಕಿತು. ವೀರಭದ್ರ ಮಾತ್ರ ನಗಲಿಲ್ಲ. ತಿನ್ನುವುದು ಬಿಟ್ಟು, ಎಲೆಯ ಮುಂದಿನಿಂದ ಮರ್ಯಾದೆಯಿಂದ ಅರ್ಧ ಎದ್ದು, ಮತ್ತೆ ಕುಳಿತ. 'ಎರಡ ಸಲ ಕರದ್ರಿ, ಮಾವಾ. ಈ ಸಲ ನನಗ ಪಕ್ಕಾ ನೆನಪಿರ್ತೈತಿ. ನೀವೂ ಕುಂದರ್ರಿ, ಗೋಬಿ ಚಲೋ ಆಗೈತಿ.'

ನಾನು ಕುಳಿತೆ. ಗೋಬಿ ಚೆನ್ನಾಗಿಯೇ ಇತ್ತು.